ಮೊದಲ ಕೀಯ ಪಕ್ಕೆಯ ಬರಹ

ಈ ಕತೆ ಹೇಳಹೊರಟಿದ್ದು ಅಧಿಕಪ್ರಸಂಗವೇ ಇರಬಹುದು, ಕ್ಷಮೆ ಇರಲಿ. ಪಿಯಾನೋದ ಹೊಟ್ಟೆಯೊಳಗೆ ಕೈಯಾಡಿಸಿ ಗೊತ್ತಿರುವವರಿಗೆ ಎಲ್ಲಾದರೂ ತಪ್ಪು ಕಂಡರೆ ತಿದ್ದಿಕೊಂಡು ಓದಬೇಕು. ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತ್ತು. ಆದರೆ ಸುಮ್ಮನಿದ್ದುದರಿಂದಲೇ ಆದ ಕತೆ ಇದು.

ಶ್ರುತಿಗಾರನನ್ನು ಪಿಯಾನೋ ಕಲಿಸುವ ಟೀಚರಮ್ಮ ‘ಡಾಕ್ಟ್ರೇ’ ಎಂದೇ ಕರೆಯುತ್ತಿದ್ದರು. ವರ್ಷಕ್ಕೆರಡು ಸಲ ಅವನು ಕರಿ ಚೀಲ ಹಿಡಿದು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತರೆ, “ಬನ್ನಿ ಡಾಕ್ಟ್ರೇ, ರೋಗಿಗಿಂತ ನೀವೇ ಸುಸ್ತಾದ ಹಾಗಿದೆ” ಎಂದು ನಗುವರು. ಅವನು ತಂತಿಗಳನ್ನು ಬಿಗಿಮಾಡಿ ಶ್ರುತಿಗೆ ತರುವನು. ಯಾವುದಾದರೂ ಸ್ವರ ಕಿರುಚುತ್ತಿದ್ದರೆ ತಂತಿಗೆ ಬಡಿಯುವ ಉಣ್ಣೆಯ ಸುತ್ತಿಗೆಯನ್ನು ಸೂಜಿಯಿಂದ ಚುಚ್ಚಿ ಮೆತ್ತಗೆ ಮಾಡುವನು. ಕೊನೆಗೆ ಬೆರಳೊತ್ತುವ ಕೀಗಳ ತುದಿಯಲ್ಲಿ ಪುಟ್ಟ ತೂಕದ ಬಿಲ್ಲೆಗಳನ್ನಿಟ್ಟು, ಎಷ್ಟು ಗ್ರಾಂಗೆ ಕೀ ಇಳಿಯುತ್ತದೆ ಎಂದು ನೋಡುವನು. ಟೀಚರಮ್ಮನ ಪಿಯಾನೋ ಐವತ್ತೆರಡು ಗ್ರಾಂ ಕೇಳುತ್ತಿತ್ತು, ಹೊಸದಿದ್ದಾಗಿನಿಂದಲೂ.

ಅವನ ಕಸುಬಿನವರಲ್ಲಿ ಒಂದು ರೂಢಿಯಿದೆ. ಕೆಲಸ ಮುಗಿದ ಮೇಲೆ ಎಡತುದಿಯ ಮೊದಲ ಕೀಯನ್ನು ಹೊರತೆಗೆದು, ಅದರ ಮರದ ಪಕ್ಕೆಯ ಮೇಲೆ ಪೆನ್ಸಿಲಿನಿಂದ ತಾರೀಕು, ಮಾಡಿದ ಕೆಲಸ ಬರೆದು ಮತ್ತೆ ಕೂರಿಸುತ್ತಾರೆ. ಮುಂದೆ ಬರುವ ಶ್ರುತಿಗಾರನ ಕಣ್ಣಿಗಲ್ಲದೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇವನು ಅದನ್ನು ಒಂದು ಸಲವೂ ತಪ್ಪಿಸಿದವನಲ್ಲ.

ಮೂರೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ, ಟೀಚರಮ್ಮನ ಜೊತೆಗೇ ಇದ್ದ ತಂಗಿ ಅವನ ಹಿಂದೆಯೇ ಮೆಟ್ಟಿಲಿಳಿದು ಬಂದಳು.

“ಅಣ್ಣಾ, ಒಂದ್ನಿಮಿಷ. ಕೀಗಳನ್ನ ಸ್ವಲ್ಪ ಹಗುರ ಮಾಡೋಕಾಗತ್ತಾ?”

“ಟೀಚರ್ ಏನೂ ಹೇಳ್ಲಿಲ್ವಲ್ಲಮ್ಮ?”

“ಅವಳು ಹೇಳ್ತಾಳಾ! ಬಲಗೈಯ ಕೊನೇ ಎರಡು ಬೆರಳು ಸೋಲ್ತಿವೆ. ಪಿಯಾನೋಗೆ ವಯಸ್ಸಾಯ್ತು ಅಂತ ಅದನ್ನೇ ಬಯ್ಕೋತಾಳೆ. ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು. ಕೊನೆಗೆ ಗುಂಡಿ ಹಾಕ್ಕೊಳ್ಳೋಕೂ ನಾನೇ ಬೇಕಿತ್ತು. ಯಾವ ಔಷಧಿನೂ ನಾಟ್ಲಿಲ್ಲ. ಗೊತ್ತಾದ ದಿನಾನೇ ಅಕ್ಕ ಪಿಯಾನೋ ಮುಚ್ಚಿಬಿಡ್ತಾಳೆ. ಆಮೇಲೆ ಅವಳಿಗೆ ಏನಿದೆ ಹೇಳಿ?”

ಅವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮಾರನೇ ದಿನವೇ ಏನೋ ಮರೆತವನಂತೆ ಬಂದು, ದೂಳು ತೆಗೆಯುವ ನೆಪದಲ್ಲಿ ಕೀಗಳನ್ನು ತನ್ನ ಮನೆಗೆ ಒಯ್ದು, ಅವುಗಳ ಮುಂಭಾಗದ ಮರದಲ್ಲಿ ಸಣ್ಣ ತೂತು ಕೊರೆದು ಸೀಸದ ತುಣುಕು ಕೂರಿಸಿ ತಂದ. ಮುಂದೆ ಭಾರ ಬಿದ್ದರೆ ಬೆರಳಿಗೆ ಕೀ ಹಗುರವಾಗುತ್ತದೆ. ಐವತ್ತೆರಡು ನಲವತ್ತೆಂಟಕ್ಕೆ ಇಳಿಯಿತು.

ಟೀಚರಮ್ಮ ಎರಡು ಸಾಲು ನುಡಿಸಿ ಕಣ್ಣರಳಿಸಿದರು. “ಏನು ಕೈಗುಣ ಡಾಕ್ಟ್ರೇ ನಿಮ್ದು! ಇದಕ್ಕೆ ಹತ್ತು ವರ್ಷ ಕಮ್ಮಿ ಆಯ್ತು ನೋಡಿ.”

ಅವತ್ತು ಅವನು ಹಿಗ್ಗಿಹೋಗಿದ್ದ. ಆ ಹಿಗ್ಗನ್ನು ನೆನೆದರೆ ಈಗ ಅವನಿಗೆ ಮೈ ಉರಿಯುತ್ತದೆ.

ಆರು ತಿಂಗಳಿಗೊಮ್ಮೆ ತಂಗಿ ಮೆಟ್ಟಿಲಲ್ಲಿ ಕಾಯುವಳು, ಅವನು ಇನ್ನಷ್ಟು ಸೀಸ ಕೂರಿಸುವನು. ನಲವತ್ತೈದು. ನಲವತ್ತೊಂದು. ಮೂವತ್ತೆಂಟು. ಮೂವತ್ತನಾಲ್ಕು. ಕೀಗಳು ಮೇಲೇಳಲು ಸೋಮಾರಿಯಾದಾಗ ಒಳಗಿನ ಸ್ಪ್ರಿಂಗುಗಳನ್ನು ಬಿಗಿಮಾಡಿ ಅದನ್ನೂ ಮರೆಮಾಚಿದ. ಪ್ರತಿ ಸಲವೂ ಮೊದಲ ಕೀಯ ಪಕ್ಕೆಯ ಮೇಲೆ ತಾರೀಕು ಮತ್ತು ಗ್ರಾಂ ಬರೆದ. ಕದ್ದು ಮಾಡಿದ ಕೆಲಸವನ್ನೂ ಬರೆದಿಡುವಷ್ಟು ಪ್ರಾಮಾಣಿಕ.

ಆಮೇಲೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಟೀಚರಮ್ಮನಿಗೆ ಸನ್ಮಾನ ಇಟ್ಟುಕೊಂಡರು. ದೊಡ್ಡ ಸಭಾಂಗಣ, ಹೊಸ ಪಿಯಾನೋ. ಮನೆಯ ಪಿಯಾನೋ ಬಿಟ್ಟು ಅವರು ಬೇರೊಂದನ್ನು ಮುಟ್ಟಿ ವರ್ಷಗಳೇ ಆಗಿದ್ದವು. ಶ್ರುತಿಗಾರ ಮೂರನೇ ಸಾಲಿನಲ್ಲಿ ಕುಳಿತಿದ್ದ. ಎಡಗೈ ಸರಾಗವಾಗಿ ಹೊರಟಿತು. ಬಲಗೈಯ ರಾಗ ಮಾತ್ರ ಹಲ್ಲುದುರಿದ ಬಾಯಿಯಂತೆ ನಡುನಡುವೆ ಖಾಲಿ. ಕೀ ಅರ್ಧ ಇಳಿಯುತ್ತಿತ್ತು, ಸುತ್ತಿಗೆ ತಂತಿಯನ್ನು ಮುಟ್ಟುತ್ತಲೇ ಇರಲಿಲ್ಲ. ಟೀಚರಮ್ಮ ನಿಲ್ಲಿಸಿ ಸಭೆಯತ್ತ ತಿರುಗಿ, “ಈ ಮಹಾರಾಯನಿಗೆ ನನ್ನ ಪರಿಚಯ ಇಲ್ಲ ಅನ್ಸತ್ತೆ” ಎಂದರು. ಎಲ್ಲರೂ ನಕ್ಕರು. ಆಮೇಲೆ ಅದೇ ಪಿಯಾನೋವನ್ನು ಅವರದೇ ಶಿಷ್ಯೆ ನುಡಿಸಿದಳು. ಒಂದು ಸ್ವರವೂ ಬಿಟ್ಟುಹೋಗಲಿಲ್ಲ. ಟೀಚರಮ್ಮ ಅವಳ ಬೆರಳುಗಳನ್ನೇ ನೋಡುತ್ತಿದ್ದರು.

ಮಾರನೇ ಬೆಳಿಗ್ಗೆ ಟೀಚರಮ್ಮನ ಫೋನ್ ಬಂತು. ಅವನು ಹೋದಾಗ ಪಿಯಾನೋದ ಮುಂದಿನ ಹಲಗೆ ಕಳಚಿತ್ತು. ಇಷ್ಟು ವರ್ಷ ಅವನ ಕೆಲಸ ನೋಡಿದ್ದರಲ್ಲ, ತಾವೇ ಬಿಚ್ಚಿದ್ದರು. ಮೊದಲ ಕೀ ಅವರ ಮಡಿಲಲ್ಲಿತ್ತು.

“ಓದಿ.”

ಅವನು ಓದಿದ. ಕೊನೆಯ ಐದು ತಾರೀಕು, ಐದು ಸಂಖ್ಯೆ.

“ಅಕ್ಕಾ, ನಾನೇ ಕಣೇ ಹೇಳಿದ್ದು,” ಅಡುಗೆಮನೆಯ ಬಾಗಿಲಿಂದ ತಂಗಿಯ ದನಿ.

“ನೀನು ಸುಮ್ನಿರು. ನಿನ್ ಜೊತೆ ಆಮೇಲಿದೆ.” ಮತ್ತೆ ಇವನಿಗೆ, “ಪಿಯಾನೋಗೆ ಏನೂ ಆಗಿರ್ಲಿಲ್ಲ ಅಲ್ವಾ?”

“ಇಲ್ಲ ಟೀಚರ್.”

“ಮತ್ತೆ ಅದಕ್ಯಾಕೆ ಮದ್ದು ಹಾಕಿದ್ರಿ?”



ಆ ಕೀಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೂವರೂ ನರರೋಗದ ವೈದ್ಯರ ಬಳಿ ಹೋದರು. ತಪಾಸಣೆ ಎರಡು ವಾರ ಹಿಡಿಯಿತು. ತಾಯಿಗಿದ್ದ ಕಾಯಿಲೆಯೇ ಅಲ್ಲ, ಕತ್ತಿನ ಮೂಳೆ ನರವನ್ನು ಒತ್ತುತ್ತಿದೆ ಎಂದರು. ವೈದ್ಯರು ಕೀಯನ್ನು ಹೊರಳಿಸಿ ನೋಡಿದರು. “ಯಾವ ತಿಂಗಳಲ್ಲಿ ಎಷ್ಟು ಬಲ ಹೋಯ್ತು ಅಂತ ಇಷ್ಟು ಚೆನ್ನಾಗಿ ಬರೆದಿಟ್ಟೋರನ್ನ ನಾನು ನೋಡೇ ಇಲ್ಲ,” ಎಂದರು. ಮೆಚ್ಚಿಯೇ ಹೇಳಿದ್ದು. “ಆಪರೇಷನ್ ಮಾಡಿದ್ರೆ ಇನ್ನೂ ಹೋಗದ ಹಾಗೆ ತಡೀಬಹುದು. ಹೋಗಿದ್ದು ವಾಪಸ್ ಬರತ್ತೆ ಅಂತ ಮಾತು ಕೊಡಲಾರೆ.”

ಶ್ರುತಿಗಾರ ನಲವತ್ತೆಂಟರ ಮೇಲೆ ಬೆರಳಿಟ್ಟ. “ಇದನ್ನ ಬರೆದ ದಿನಾನೇ ಬಂದಿದ್ರೆ?”

“ಆಗ ನೋಡಿದ್ರೆ ಹೇಳಬಹುದಿತ್ತು,” ಎಂದರು ವೈದ್ಯರು.

ಆಪರೇಷನ್ನಿಗೆ ಮುಂಚೆ ಟೀಚರಮ್ಮ ಕೇಳಿದ್ದು ಒಂದೇ: ಸೀಸವೆಲ್ಲ ತೆಗೆಯಬೇಕು. ಮೂರು ದಿನ ಅವನು ಎಂಬತ್ತೆಂಟು ಕೀಗಳಿಂದ ಸೀಸ ಹೊರತೆಗೆದು, ತೂತುಗಳಿಗೆ ಮರದ ಬಿರಡೆ ಬಡಿದು, ಸ್ಪ್ರಿಂಗುಗಳನ್ನು ಮೊದಲಿನಂತೆ ಸಡಿಲಿಸಿದ. ಅವರು ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ತಂಗಿ ತಂದಿಟ್ಟ ಚಹಾ ಹಾಗೇ ಆರುತ್ತಿತ್ತು. ಕೊನೆಗೆ ಅವನು ಮೊದಲ ಕೀಯ ಮೇಲೆ ‘ಐವತ್ತೆರಡು’ ಎಂದು ಬರೆದು ಕೂರಿಸಿದ. ಅವರು ಆ ಎರಡು ಬೆರಳುಗಳನ್ನು ಕೀಗಳ ಮೇಲಿಟ್ಟು ಒತ್ತಿದರು. ಸದ್ದು ಬರಲಿಲ್ಲ. ಇನ್ನೊಮ್ಮೆ ಒತ್ತಿದರು. ಮುಚ್ಚಳ ಹಾಕಿ ಎದ್ದುಹೋದರು.

ಆಪರೇಷನ್ ಆಗಿ ವರ್ಷವಾಯಿತು. ಉಳಿದ ಬೆರಳುಗಳು ನೆಟ್ಟಗಿವೆ, ಆ ಎರಡು ಹಾಗೇ ಇವೆ. ವಿದ್ಯಾರ್ಥಿಗಳು ಬೇರೆ ಕಡೆ ಹೋದರು. ಅಕ್ಕತಂಗಿ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ, ಬೇಕಾದಷ್ಟೇ ಮಾತು. ನುಡಿಸದ ಪಿಯಾನೋವೂ ಶ್ರುತಿ ಕಳೆದುಕೊಳ್ಳುತ್ತದೆ. ಅದಕ್ಕೆ ಅವನು ಈಗಲೂ ಮೂರು ಮಹಡಿ ಹತ್ತುತ್ತಾನೆ. ಟೀಚರಮ್ಮ ಬಾಗಿಲು ತೆಗೆದು “ಬಂದ್ರಾ” ಎಂದು ಒಳಕೋಣೆಗೆ ಹೋಗುತ್ತಾರೆ. ಡಾಕ್ಟ್ರೇ ಎನ್ನುವುದಿಲ್ಲ.

ಅವನು ಅಂದೇ ಮೆಟ್ಟಿಲಲ್ಲಿ ‘ಆಗಲ್ಲಮ್ಮ’ ಎಂದುಬಿಟ್ಟಿದ್ದರೆ ಆ ಬೆರಳುಗಳು ಉಳಿಯುತ್ತಿದ್ದವೇ? ವೈದ್ಯರಿಗೆ ಗೊತ್ತಿಲ್ಲ, ಅವನಿಗೆ ಗೊತ್ತಿಲ್ಲ, ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.