ಬೆಂಕಿಗೆ ಪರ್ಮಿಷನ್

ಒಂದು ರೊಟ್ಟಿ ಹಂಚಿನ ಮೇಲಿತ್ತು. ಇನ್ನೊಂದು ಸುಗಲಮ್ಮನ ಅಂಗೈ ಕೆಳಗೆ ಅರ್ಧ ಅಗಲವಾಗಿತ್ತು. ಆಗಲೇ ಮೇಸ್ತ್ರಿ ಸೂರ್ಯನಾರಾಯಣ ಶೆಡ್ಡಿನ ಬಾಗಿಲಿಗೆ ಬಂದು ನಿಂತದ್ದು. ಬಾಗಿಲೆಂದರೆ ಗೋಣಿಚೀಲದ ಪರದೆ. ಅವನು ಅದನ್ನು ಎತ್ತಿ ಹಿಡಿದ ಕೂಡಲೇ ಒಳಗಿನ ಹೊಗೆಯೆಲ್ಲ ಅವನ ಮುಖಕ್ಕೆ ನುಗ್ಗಿತು.

"ನೋಡಮ್ಮಾ, ಇದೇ ನಾ ಹೇಳೋದು," ಎಂದು ಕೆಮ್ಮಿದ. "ಈ ಹೊಗಿ, ಈ ಬೆಂಕಿ. ನಾಳಿಯಿಂದ ಬಂದ್."

"ಏನು ಬಂದ್ ರಿ?"

"ಒಲಿ. ಶೆಡ್ಡಿನಾಗ ಯಾರೂ ಒಲಿ ಹಚ್ಚಂಗಿಲ್ಲ. ಕಂಪನಿ ಆರ್ಡರ್."

ಸುಗಲಮ್ಮ ಕೈ ನಿಲ್ಲಿಸಲಿಲ್ಲ. ನಡುವೆ ಬಿಟ್ಟರೆ ಹಿಟ್ಟು ಒಣಗಿ ಅಂಚು ಸೀಳುತ್ತದೆ. ರೊಟ್ಟಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಕೇಳಿದಳು: "ಹಂಗಾರ ತಿನ್ನೋದೇನ್ರಿ?"

ಮೇಸ್ತ್ರಿ ನಕ್ಕ. ಆ ಪ್ರಶ್ನೆಗೇ ಕಾದಿದ್ದವನಂತೆ ಒಳಗೆ ಒಂದು ಕಾಲಿಟ್ಟ. "ಮೆಸ್ ಬರ್ತೈತಿ. ಬಿಸಿಬಿಸಿ ಅನ್ನ, ಸಾರು. ಹೆಸರೇನು ಗೊತ್ತೇನು? ಮನೆ ಊಟ. ಬೋರ್ಡ್ ಬರೆಸೀನಿ. ನಿಮ್ಮ ಹೆಣ್ಮಕ್ಕಳ ಕಷ್ಟ ನೋಡಿ ನೋಡಿ ನನಗೇ ಸಂಕಟ ಆಗಿತ್ತು."

ತೆಲುಗು ಸೀಮೆಯ ಮಾಧಾಪುರದಲ್ಲಿ ಆ ವರ್ಷಗಳಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು. ಸುಗಲಮ್ಮ ಮತ್ತು ಅವಳ ಗಂಡ ಚಂದ್ರಾಮ ದುಡಿಯುತ್ತಿದ್ದುದು ಒಂದು ಸಾಫ್ಟ್‌ವೇರ್ ಕಂಪನಿಯ ಎರಡನೆಯ ಕಟ್ಟಡಕ್ಕೆ. ಮೊದಲನೆಯದು ಪಕ್ಕದಲ್ಲೇ ಎದ್ದು ನಿಂತು, ಹಗಲೂ ರಾತ್ರಿ ಬೆಳಗುತ್ತಿತ್ತು. ಅದಕ್ಕೂ ಇವರ ಶೆಡ್ಡುಗಳಿಗೂ ನಡುವೆ ಒಂದು ನೀಲಿ ತಗಡಿನ ಗೋಡೆ. ಚಂದ್ರಾಮನದು ಸೆಂಟ್ರಿಂಗ್ ಕೆಲಸ, ಸುಗಲಮ್ಮನದು ಉಸುಕು ಇಟ್ಟಿಗೆ ಹೊರುವುದು. ಮಗಳು ಗಂಗಿಗೆ ಆರು ವರ್ಷ. ಶೆಡ್ಡಿನ ಇತರ ಮಕ್ಕಳ ಜೊತೆ ಸಿಮೆಂಟ್ ಚೀಲಗಳ ಮೇಲೆ ಆಡುವುದೇ ಅವಳ ಕೆಲಸ. ಎಲ್ಲರೂ ಸುರಪುರ, ಶಹಾಪುರ ಕಡೆಯವರು.

ಕೂಲಿ ಕೈಗೆ ಬರುತ್ತಿರಲಿಲ್ಲ. ಊರಿಗೆ ಹೋಗುವಾಗ ಒಟ್ಟಿಗೆ ಲೆಕ್ಕ ಎಂಬುದು ಮೇಸ್ತ್ರಿಯ ಪದ್ಧತಿ. ಅಲ್ಲಿಯವರೆಗೆ ಹೊಟ್ಟೆಗೆಂದು ಶನಿವಾರಕ್ಕೊಮ್ಮೆ ಸ್ವಲ್ಪ ಕೊಡುತ್ತಿದ್ದ. ಅದಕ್ಕೆ ಖರ್ಚಿ ಅನ್ನುತ್ತಾರೆ. ಖರ್ಚಿ ಚಂದ್ರಾಮನ ಕೈಗೆ ಬಂದರೂ ದೀಪ ಹಚ್ಚುವ ಹೊತ್ತಿಗೆ ಸುಗಲಮ್ಮನ ಸೆರಗಿನ ಗಂಟಿನಲ್ಲಿರುತ್ತಿತ್ತು. ಹೊಟ್ಟೆಯ ಲೆಕ್ಕ ಗಂಡಸಿಗೆ ಬರುವುದಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಪಕ್ಕದ ಶೆಡ್ಡಿನ ಅನ್ನಮ್ಮನ ಜೊತೆ ಬಸ್ಸು ಹತ್ತಿ ಕೂಕಟ್‌ಪಲ್ಲಿಯ ಮಾರ್ಕೆಟ್ಟಿಗೆ ಹೋಗುವುದು. ವಾರಕ್ಕಾಗುವಷ್ಟು ಜೋಳದ ಹಿಟ್ಟು, ತೊಗರಿಬೇಳೆ, ಒಣಮೆಣಸಿನಕಾಯಿ, ಶೇಂಗಾ. ತರಕಾರಿಯಲ್ಲಿ ಬಿಸಿಲಿಗೆ ಬಾಡಿದ್ದು, ತುದಿ ಹುಳುಕಾದದ್ದು. ಅಲ್ಲಿ ಗೋಂಗೂರ ಅನ್ನುವುದು ಇವರ ಪುಂಡಿಪಲ್ಯವೇ ಎಂದು ಗೊತ್ತಾದ ದಿನ ಇಬ್ಬರೂ ನೆಂಟರು ಸಿಕ್ಕಂತೆ ನಕ್ಕಿದ್ದರು. ಸೊಪ್ಪಿನವಳು ಪ್ರತಿ ವಾರ ತಲೆ ಎತ್ತಿ, "ಏಂ ಕಾವಾಲಿ ಅಕ್ಕಾ?" ಎಂದು ಕೇಳುತ್ತಿದ್ದಳು. ಏನು ಬೇಕು ಎಂದು ಸುಗಲಮ್ಮನನ್ನು ವಾರದಲ್ಲಿ ಕೇಳುತ್ತಿದ್ದವಳು ಅವಳೊಬ್ಬಳೇ. ಉತ್ತರ ಹೇಳುವ ಮೊದಲು ಸುಗಲಮ್ಮ ಸುಮ್ಮನೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಕೊಳ್ಳುವುದು ಯಾವುದೆಂದು ಮೊದಲೇ ಗೊತ್ತಿದ್ದರೂ.

ಮೆಸ್ಸು ಶುರುವಾದ ಸಂಜೆ ಹೆಂಗಸರಿಗೆ ಹಬ್ಬವೇ ಆಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಸುಗಲಮ್ಮನಿಗೂ ಖುಷಿಯಾಗಿತ್ತು. ದಿನವಿಡೀ ಇಟ್ಟಿಗೆ ಹೊತ್ತ ಕೈಯಲ್ಲಿ ಮತ್ತೆ ರೊಟ್ಟಿ ಬಡಿಯುವುದು ಯಾರಿಗೆ ಬೇಕು? ತಟ್ಟೆ ಹಿಡಿದು ನಿಂತರೆ ಅನ್ನ ಬೀಳುತ್ತಿತ್ತು.

"ಗಂಡನ ಮನಿಗಿ ಬಂದಾಗಿಂದ ಇಂಥಾ ಸುಖ ಕಂಡಿಲ್ಲವಾ," ಎಂದಳು ಅನ್ನಮ್ಮ. "ಈ ಮೇಸ್ತ್ರಿನೇ ಮೊದಲ ಕಟ್ಟಿಕೊಂಡಿದ್ರ ಬೇಸಿತ್ತು."

"ಅವನ ಹೊಟ್ಟಿ ನೋಡಿ ಹೇಳು ಈ ಮಾತು."

"ಹೊಟ್ಟಿ ಇರಲಿ ಬಿಡು, ಸಾರು ಬಿಸಿ ಐತಿ."

ಉಂಡ ಮೇಲೆ ಸುಗಲಮ್ಮ ಶೆಡ್ಡಿನ ಮುಂದೆ ಕೂತಳು. ಎರಡೂ ಕೈ ಮಡಿಲಲ್ಲಿದ್ದವು. ಆ ಹೊತ್ತಿನಲ್ಲಿ ಹಿಂದೆಂದಾದರೂ ತನ್ನ ಕೈ ಖಾಲಿ ಇದ್ದುದು ಅವಳಿಗೆ ನೆನಪೇ ಇರಲಿಲ್ಲ. ಗಂಗಿಯ ತಲೆ ಬಾಚಿದಳು. ಒಂದು ಹಾಡಿನ ಎರಡು ಸಾಲು ಬಾಯಿಗೆ ಬಂತು, ಮೂರನೆಯದು ಬರಲಿಲ್ಲ.

ಆ ಖಾಲಿ ಕೈ ಮೇಸ್ತ್ರಿಯ ಕಣ್ಣಿಗೂ ಬಿತ್ತು. ಎರಡು ದಿನ ಬಿಟ್ಟು, ಕೆಲಸ ಮುಗಿಸಿ ಹೆಂಗಸರು ಕೈಕಾಲು ತೊಳೆಯುವಾಗ ಬಂದು, "ಯಾಕಮ್ಮಾ ಅವಸರ? ಮನಿಯಾಗ ಅಡಿಗಿ ಐತೇನು?" ಎಂದ. ದೊಡ್ಡ ದೀಪಗಳನ್ನು ಹಾಕಿಸಿದ. ಅಡುಗೆಗೆ ಹೋಗುತ್ತಿದ್ದ ಹೊತ್ತು ಇನ್ನು ಮೇಲೆ ಇಟ್ಟಿಗೆಗೆ ಎಂದಾಯಿತು. ಅದಕ್ಕೆ ಬೇರೆ ಕೂಲಿ ಉಂಟೇ ಎಂದು ಅನ್ನಮ್ಮ ಕೇಳಿದಳು.

"ಅನ್ನ ಬೇಯಿಸಿದಾಗ ನಿನಗೆ ಕೂಲಿ ಕೊಡ್ತಿದ್ರೇನಮ್ಮಾ?"

"ಇಲ್ರಿ."

"ಮತ್ತ? ಲುಕ್ಸಾನ್ ಏನಾತು ನಿನಗ?"

ಅನ್ನಮ್ಮ ಇಟ್ಟಿಗೆಯ ಬುಟ್ಟಿ ಎತ್ತಿಕೊಂಡಳು. ಅವಳ ಅತ್ತೆಯೂ ಹಿಂದೆ ಹೆಚ್ಚುಕಮ್ಮಿ ಇದನ್ನೇ ಕೇಳಿದ್ದಳು.

ಶನಿವಾರ ಬಂತು. ಚಂದ್ರಾಮ ಬರಿಗೈಯಲ್ಲಿ ಶೆಡ್ಡಿಗೆ ಬಂದ. ಖರ್ಚಿ ಇಲ್ಲವಂತೆ, ಮೆಸ್ಸಿಗೆ ಮುರಿದುಕೊಂಡರಂತೆ. ಸುಗಲಮ್ಮ ತಾನೇ ಮೇಸ್ತ್ರಿಯ ಬಳಿ ಹೋದಳು.

"ಮಾರ್ಕೆಟ್ಟಿಗಿ ಹೋಗಬೇಕಲ್ರಿ ನಾಳಿ."

"ಮಾರ್ಕೆಟ್ ಯಾಕಮ್ಮಾ? ಒಲಿ ಇಲ್ಲ, ಹಿಟ್ಟು ತಂದು ಹಸೀದು ತಿಂತಿಯಾ?"

"ಕೂಸಿಗೆ ಅರ್ಧ ತಾಟು ಹೋಗಂಗಿಲ್ಲ. ಅದಕ್ಕೂ ಪೂರಾ ಮುರಕೊಂಡೀರಿ."

"ಅರ್ಧ ತಾಟಿಗೂ ಒಲಿ ಅಷ್ಟೇ ಉರೀಬೇಕಮ್ಮಾ. ನಮ್ಮ ಭಾವಮೈದುನ ಮೆಸ್ ಇಟ್ಟಾನ, ಧರ್ಮಛತ್ರ ಇಟ್ಟಿಲ್ಲ."

ಗಂಗಿ ನಿಜಕ್ಕೂ ಅರ್ಧ ತಟ್ಟೆಯೂ ಉಣ್ಣುತ್ತಿರಲಿಲ್ಲ. ಅನ್ನಕ್ಕೆ ಸೋಡಾ ಹಾಕುತ್ತಿದ್ದರು, ವಾಸನೆ ಬರುತ್ತಿತ್ತು. ಸಾರು ನೀರಾಗಿತ್ತು. "ರೊಟ್ಟಿ ಮಾಡವ್ವಾ" ಎಂದು ಮೊದಮೊದಲು ಅಳುತ್ತಿದ್ದವಳು ಆಮೇಲೆ ಅಳುವುದನ್ನು ಬಿಟ್ಟಳು. ಅನ್ನವನ್ನು ನಾಯಿಗೆ ಹಾಕಿ, ಖಾಲಿ ತಟ್ಟೆ ತಂದು ತೋರಿಸುವುದನ್ನು ಕಲಿತಳು. ಹುಡುಗಿಯ ಕುತ್ತಿಗೆ ಸಣ್ಣಗಾಗುತ್ತಿರುವುದು ಸುಗಲಮ್ಮನಿಗೆ ತಲೆ ಬಾಚುವಾಗ ಕಾಣುತ್ತಿತ್ತು.

"ಎಲ್ಲರೂ ಅದನ್ನೇ ಉಣ್ಣಾಕತ್ತಾರಲ್ಲ," ಎಂದ ಚಂದ್ರಾಮ. "ಲೆಕ್ಕ ಪೂರಾ ಅವನ ಕೈಯಾಗ ಐತಿ. ಜಗಳ ತಗದ್ರ ಅದೂ ಹೋಗ್ತೈತಿ. ಹೋಳಿ ಹಬ್ಬಕ್ಕ ಊರಿಗಿ ಹೋಗೋ ತನಕ ತಡಕೋ." ಅವನೂ ಸೊರಗಿದ್ದ. ಅನ್ನ ಚೆನ್ನಾಗಿದೆ ಎಂದು ದಿನವೂ ಹೇಳುತ್ತಿದ್ದ. ದಿನವೂ ಎರಡು ಸಲ ನೀರು ಕೇಳಿ ಕುಡಿಯುತ್ತಿದ್ದ.

ಭಾನುವಾರಗಳು ಉದ್ದವಾದವು. ಹಣವಿಲ್ಲದ ಹೆಂಗಸಿಗೆ ಮಾರ್ಕೆಟ್ಟಿನ ಬಸ್ಸು ಎಲ್ಲಿಗೂ ಹೋಗುವುದಿಲ್ಲ. ಈಗ ಸುಗಲಮ್ಮನ ಮನೆಯಲ್ಲಿ ಯಾರು ಏನು ತಿನ್ನಬೇಕೆಂದು ಹೇಳುವವನು ಮೇಸ್ತ್ರಿಯ ಭಾವಮೈದುನ. ಅವಳು ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಹೀಗಿರುವಾಗ ತಗಡಿನ ಗೋಡೆಯ ಆಚೆಯಿಂದ ಒಬ್ಬಳು ಹುಡುಗಿ ಬಂದಳು. ಕೊರಳಲ್ಲಿ ಕಂಪನಿಯ ಚೀಟಿ. ಹೆಸರು ಲಹರಿ, ಮೈಸೂರು ಕಡೆಯವಳು. ಅವಳ ಹಿಂದೆ ಮೇಸ್ತ್ರಿ ಕೈ ಕಟ್ಟಿಕೊಂಡು ಬಂದಿದ್ದ.

"ಅಮ್ಮ, ನಿಮಗೆ ಜೋಳದ ರೊಟ್ಟಿ ಮಾಡಕ್ಕೆ ಬರತ್ತಂತೆ?"

ಸುಗಲಮ್ಮ ಮೇಸ್ತ್ರಿಯ ಮುಖ ನೋಡಿದಳು. "ಮಾಡ್ತಿದ್ದೆ ರಿ."

"ಶುಕ್ರವಾರ ನಮ್ಮ ಆಫೀಸಲ್ಲಿ ಫುಡ್ ಫೆಸ್ಟಿವಲ್ ಇದೆ. 'ಅಮ್ಮನ ಅಡುಗೆ' ಅಂತ. ಎಲ್ಲರ ಕಣ್ಣೆದುರಿಗೇ ಮಾಡಬೇಕು. ಗ್ಯಾಸ್ ಬೇಡ, ಕಟ್ಟಿಗೆ ಒಲೇನೇ ಬೇಕು. ಹಳ್ಳಿ ಥರ."

"ಬೆಂಕಿ ಹತ್ತಂಗಿಲ್ಲೇನ್ರಿ ಅಲ್ಲಿ?"

"ಅದಕ್ಕೆಲ್ಲ ಪರ್ಮಿಷನ್ ತಗೊಂಡಿದೀವಿ," ಎಂದಳು ಲಹರಿ.

"ಹೊಗಿ ಆಗ್ತದರಿ."

"ಹೊಗೆ ಇರಲಿ ಅಮ್ಮ. ಅದೇ ಚೆಂದ."

ಮೇಸ್ತ್ರಿ ಹೌದು ಹೌದೆಂದು ತಲೆ ಆಡಿಸಿದ. ಹೊಗೆಯ ವಿಷಯದಲ್ಲಿ ಅವನ ಅಭಿಪ್ರಾಯ ಬದಲಾಗಿತ್ತು.

ಶುಕ್ರವಾರ ಅವಳಿಗೆ ಇಳಕಲ್ ಸೀರೆ ಉಡಿಸಿದರು. ಬಾಡಿಗೆಯದು, ಕಲೆ ಆಗದಂತೆ ನೋಡಿಕೊಳ್ಳಬೇಕು ಎಂದರು. ಹಸಿರು ಹುಲ್ಲಿನ ಮೇಲೆ ಕೆಮ್ಮಣ್ಣು ಬಳಿದ ಒಲೆ, ಅದರ ಸುತ್ತ ರಂಗೋಲಿ. ಹುಲ್ಲು ಸುಡದಿರಲೆಂದು ಒಲೆಯ ಕೆಳಗೆ ತಗಡು ಹಾಸಿದ್ದರು. ಹಿಟ್ಟು ಒಳ್ಳೆಯ ಬಿಳಿಜೋಳದ್ದು. ಸುಗಲಮ್ಮ ಅದಕ್ಕೆ ಕೈ ಹಾಕಿದಳು. ಎಷ್ಟು ವಾರವಾಗಿತ್ತೋ. ಕೈ ಮರೆತಿರಲಿಲ್ಲ.

ಜನ ಸಾಲುಗಟ್ಟಿ ನಿಂತರು. ಬಡಿಯುವ ಸದ್ದಿಗೇ ಕೆಲವರು ಫೋಟೋ ತೆಗೆದರು. ಮುಖ ಸ್ವಲ್ಪ ಮೇಲೆತ್ತಿ ಎಂದರು, ನಗಿ ಎಂದರು. ವಿನಾಯಕ ಎಂಬ ಎಂಜಿನಿಯರ್ ಹುಡುಗ ಮಾತ್ರ ಅವಳೆದುರು ಕುಕ್ಕರುಗಾಲಲ್ಲಿ ಕೂತ.

"ಯಾವೂರಕ್ಕಾ?"

"ಸುರಪುರದ ಕಡೆ ರಿ."

"ನಾವು ವಿಜಾಪುರದವರು." ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟ. ಅಗಿಯುತ್ತಾ ಅವನ ಕಣ್ಣು ತುಂಬಿದವು. "ಮನೀ ಊಟ ಉಂಡು ಭಾಳ ದಿನ ಆಗಿತ್ತಕ್ಕಾ."

"ನಂದೂ ಭಾಳ ದಿನ ಆತಪಾ," ಎಂದಳು ಸುಗಲಮ್ಮ.

ಅವನು ನಕ್ಕ. ಇಷ್ಟು ರೊಟ್ಟಿಯ ನಡುವೆ ಕೂತವಳು ಆಡುವ ಚೇಷ್ಟೆ ಎಂದುಕೊಂಡ. "ಅಕ್ಕಾ ಭಾಳ ಚಾಷ್ಟಿ ಮಾಡ್ತಾಳ," ಎಂದು ಪಕ್ಕದವನಿಗೆ ಹೇಳಿ ಇನ್ನೊಂದಕ್ಕೆ ಕೈ ಚಾಚಿದ.

ಎಲ್ಲ ಮುಗಿದ ಮೇಲೆ ಬುಟ್ಟಿಯಲ್ಲಿ ಒಂದಿಷ್ಟು ರೊಟ್ಟಿ ಉಳಿದವು. ಅವಳು ಲಹರಿಯನ್ನು ಕೇಳಿದಳು. "ಎರಡು ಒಯ್ಯಲೇನ್ರಿ? ಕೂಸಿಗೆ."

ಲಹರಿಯ ಮುಖ ನಿಜವಾಗಿಯೂ ಬಾಡಿತು. ಒಳ್ಳೆಯ ಹುಡುಗಿ. "ಅಯ್ಯೋ ಅಮ್ಮ, ಊಟದ ಪದಾರ್ಥ ಗೇಟಿಂದ ಹೊರಗೆ ಬಿಡಲ್ಲ. ತಿಂದು ಯಾರಿಗಾದ್ರೂ ಏನಾದ್ರೂ ಆದ್ರೆ ಅಂತ ರೂಲ್ಸು. ಮಿಕ್ಕಿದ್ದು ಬಿಸಾಕಲೇಬೇಕು." ಹೇಳಿ, ಅವಳ ಎರಡೂ ಕೈ ಹಿಡಿದು, "ನಿಮ್ಮ ಮನೆಯವರು ಪುಣ್ಯವಂತರು, ದಿನಾ ಇದನ್ನ ತಿಂತಾರೆ" ಎಂದಳು. ಉಳಿದ ರೊಟ್ಟಿಗಳು ಕಪ್ಪು ಚೀಲಕ್ಕೆ ಬಿದ್ದವು. ಸುಗಲಮ್ಮ ಸೀರೆ ಬಿಚ್ಚಿ, ಮಡಿಸಿ, ಕಲೆ ಇಲ್ಲವೆಂದು ತೋರಿಸಿ ಕೊಟ್ಟಳು.

ಆ ದಿನದ ಹಾಜರಿ ಅವಳಿಗೆ ಬೀಳಲಿಲ್ಲ. ಸೈಟಿನಲ್ಲಿ ಇರಲಿಲ್ಲವಲ್ಲ ಎಂದ ಮೇಸ್ತ್ರಿ. ಮೆಸ್ಸಿನ ಊಟದ ದುಡ್ಡು ಮಾತ್ರ ಹಿಡಿದರು. ಅವಳು ಉಣ್ಣಲು ಬರದಿದ್ದದ್ದು ಅವಳ ತಪ್ಪು.

ಭಾನುವಾರ ಲಹರಿ ಮತ್ತೆ ಬಂದಳು. ಬುಧವಾರ ವಿದೇಶದಿಂದ ದೊಡ್ಡವರು ಹೊಸ ಕಟ್ಟಡ ನೋಡಲು ಬರುತ್ತಾರೆ. ಇಲ್ಲಿ ಕಟ್ಟುವ ಕೂಲಿಯವರನ್ನು ಕಂಪನಿ ಹೇಗೆ ನೋಡಿಕೊಳ್ಳುತ್ತದೆ ಎಂದು ಅವರು ವಿಚಾರಿಸುತ್ತಾರಂತೆ. ರೊಟ್ಟಿಯ ಫೋಟೋ ನೋಡಿ, ಇದನ್ನೇ ಇಡಿ ಎಂದು ಮೇಲಿನಿಂದ ಅಪ್ಪಣೆಯಾಗಿದೆ.

"ಅವರು ನಿಮ್ಮನ್ನ ಕೇಳಬಹುದು ಅಮ್ಮ, ದಿನಾ ರಾತ್ರಿ ಮನೇಲೂ ಇದನ್ನೇ ಮಾಡ್ತೀರಾ ಅಂತ. ನಾನು ಇಂಗ್ಲಿಷಲ್ಲಿ ಹೇಳ್ತೀನಿ. ನೀವು ನಗ್ತಾ ತಲೆ ಆಡಿಸಿದ್ರೆ ಸಾಕು."

"ಆಡಿಸ್ತಾಳ್ರಿ ಮೇಡಂ, ಆಡಿಸ್ತಾಳ," ಎಂದ ಮೇಸ್ತ್ರಿ, ಸುಗಲಮ್ಮನನ್ನು ನೆಟ್ಟ ಕಣ್ಣಿನಿಂದ ನೋಡುತ್ತಾ.

"ಆತ್ರಿ," ಎಂದಳು ಸುಗಲಮ್ಮ. ಆಮೇಲೆ ತನಗೇ ತಿಳಿಯದಂತೆ ಮಾತು ಮುಂದುವರಿಸಿದಳು. "ಒಬ್ಬಾಕಿ ಕೈಲಿ ಆಗಂಗಿಲ್ರಿ. ನಮ್ಮ ಹೆಣ್ಮಕ್ಕಳು ಬೇಕು."

"ಕರ್ಕೊಂಡು ಬನ್ನಿ, ಎಷ್ಟು ಜನ ಆದ್ರೂ."

"ಕೂಸುಗಳು ಬಿಟ್ಟು ಇರಂಗಿಲ್ರಿ."

"ಮಕ್ಕಳೂ ಬರಲಿ. ಫ್ಯಾಮಿಲಿ ಥರ ಕಾಣತ್ತೆ, ಚೆನ್ನಾಗಿರತ್ತೆ."

ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದ. ಕಂಪನಿಯ ಹುಡುಗಿ ತನ್ನ ಕಡೆ ನೋಡಿದ ಕೂಡಲೇ ಹೌದು ಹೌದೆಂದು ತಲೆ ಆಡಿಸಿದ.

ರಾತ್ರಿಯ ಊಟಕ್ಕೆ ಎಲ್ಲರೂ ಮೆಸ್ಸಿನ ಸಾಲಿನಲ್ಲಿ ನಿಂತಿದ್ದರು. ಚಂದ್ರಾಮ ಹಿಂದಿನಿಂದ ಬಾಗಿ ಮೆಲ್ಲಗೆ, "ಬುಧವಾರ ಅವರು ಕೇಳಿದ್ರ ಹೂಂ ಅಂದುಬಿಡು" ಎಂದ. "ನಮ್ಮ ಆರು ತಿಂಗಳ ದುಡಿಮಿ ಅವನ ಹತ್ರ ಐತಿ. ಮರತೀಯಾ ಮತ್ತ."

"ಮರತಿಲ್ಲ."

ಮರೆತಿರಲಿಲ್ಲ. ಮೇಸ್ತ್ರಿ ಸಿಟ್ಟಾದರೆ ರಾತ್ರೋರಾತ್ರಿ ಶೆಡ್ಡು ಬಿಡಿಸುತ್ತಾನೆ, ಕೂಲಿಯ ಲೆಕ್ಕ ಹರಿದುಹಾಕುತ್ತಾನೆ. ಹಾಗೆ ಹೋದವರನ್ನು ಅವಳು ಕಂಡಿದ್ದಳು. ಅವಳು ಗಂಗಿಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಇವಳೂ ಹೋದಳು.

ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು: ಬುಧವಾರದ ಮೊದಲ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಗಂಗಿಯ ಕೈಗೆ. ಎರಡನೆಯದು ಅನ್ನಮ್ಮನ ಮೊಮ್ಮಗನಿಗೆ. ಆಮೇಲೆ ಆ ಹುಲ್ಲಿನ ಮೇಲೆ ಸಾಲಾಗಿ ಕೂತ ಎಲ್ಲ ಮಕ್ಕಳಿಗೆ, ಹೆಂಗಸರಿಗೆ. ವಿದೇಶದ ದೊಡ್ಡವರು ತಟ್ಟೆ ಹಿಡಿದು ನಿಂತಿರಲಿ. ಮಕ್ಕಳು ತಿನ್ನುವ ಅವಸರ ನೋಡಿದರೆ ಯಾರಾದರೂ ಕೇಳೇ ಕೇಳುತ್ತಾರೆ, ಇವರು ಇಷ್ಟು ಹಸಿದದ್ದು ಯಾಕೆ ಎಂದು. ಆ ಪ್ರಶ್ನೆಗೆ ತಲೆ ಆಡಿಸಿದರೆ ಸಾಲದು. ಲಹರಿ ಇಂಗ್ಲಿಷಲ್ಲಿ ಹೇಳದಿದ್ದರೂ, ಇವಳ ಮಾತು ತಿಳಿದು ಹೇಳಲು ಆ ವಿಜಾಪುರದ ಹುಡುಗ ಅಲ್ಲೇ ಇರುತ್ತಾನೆ.

ಅಷ್ಟರಲ್ಲಿ ತಟ್ಟೆಗೆ ಅನ್ನ, ಸಾರು ಬಿದ್ದಿತ್ತು. "ಏನಬೇ, ತಾಟಿನಾಗ ಕಣ್ಣು ನೆಟ್ಟು ನಿಂತಿ?" ಎಂದು ಅನ್ನಮ್ಮ ಮೊಣಕೈಯಿಂದ ತಿವಿದಳು. "ಏನು ವಿಚಾರ ನಡಸೀದಿ?"

"ಏನಿಲ್ಲ," ಎಂದಳು ಸುಗಲಮ್ಮ. "ಸಾರಿನಾಗ ಬ್ಯಾಳಿ ಹುಡುಕಾಕತ್ತೀನಿ."