ಬಂಡೆಪ್ಪ ರಿಂಗ್

ಸತ್ತವರ ಸಭೆಯಲ್ಲಿ ಜನ ಯಾಕೆ ಇಷ್ಟು ಸುಳ್ಳು ಹೇಳುತ್ತಾರೋ ನನಗೆ ತಿಳಿಯದು. ಪ್ರಾಣೇಶ ತೀರಿಕೊಂಡ ಇಪ್ಪತ್ತನೆಯ ದಿನಕ್ಕೆ ಬಾಲಾನಗರದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಒಬ್ಬ ಎದ್ದು ನಿಂತು, ಪ್ರಾಣೇಶರಾಯರು ಯಾರಿಗೂ ಒಂದು ಗಡಸು ಮಾತು ಆಡಿದವರಲ್ಲ ಎಂದ. ಅವನನ್ನೇ ಪ್ರಾಣೇಶ ವಾರಕ್ಕೆರಡು ಸಲ ಎಮ್ಮೆ ಎಂದು ಬೈದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇನ್ನೊಬ್ಬ, ಅವರಿಗೆ ಊಟದ ಮೇಲೆ ಆಸೆಯೇ ಇರಲಿಲ್ಲ ಎಂದ. ಹಾಗಾದರೆ ನನ್ನ ಡಬ್ಬಿಯ ಶೇಂಗಾ ಹೋಳಿಗೆಯನ್ನು ಮೂವತ್ತೊಂದು ವರ್ಷ ತಿಂದು ಮುಗಿಸಿದವನು ಯಾರು?

ಮುಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ನಾನು ಅವತ್ತು ಒಂದೇ ಒಂದು ನಿಜ ಹೇಳಬೇಕಾಗಿತ್ತು. ಹಳೆಯ ಮಂದಿಯೆಲ್ಲ ಹೀಗೆ ಇನ್ನೊಮ್ಮೆ ಒಂದು ಕಡೆ ಸೇರುವುದಿಲ್ಲ. ಇವತ್ತು ಬಿಟ್ಟರೆ ಆ ನಿಜ ನನ್ನ ಜೊತೆಗೇ ಮಣ್ಣಾಗುತ್ತಿತ್ತು.

ನಾವಿಬ್ಬರೂ ರಾಯಚೂರು ಕಡೆಯವರು. ಅರವತ್ತಾರರಲ್ಲಿ ಈ ತೆಲುಗರ ಊರಿಗೆ ಬಂದು ಒಂದೇ ದಿನ ಕೆಲಸಕ್ಕೆ ಸೇರಿದೆವು. ನಾನು ಲೋಹ ಕಡೆಯುವ ಲೇತ್ ಯಂತ್ರದ ಮೇಲೆ, ಅವನು ತಪಾಸಣೆಯಲ್ಲಿ. ಕಾಚಿಗೂಡದ ಒಂದೇ ವಾಡೆಯಲ್ಲಿ ಎದುರುಬದುರು ಬಾಡಿಗೆಗಿದ್ದೆವು. ಅವನು ಆಚಾರದ ಮನೆತನದವನು, ಮನೆಯಲ್ಲಿ ನಮ್ಮ ನೀರು ಸಹ ಮುಟ್ಟುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಮಾತ್ರ ನನ್ನ ಡಬ್ಬಿಯನ್ನು ನನಗಿಂತ ಮೊದಲು ಬಿಚ್ಚುತ್ತಿದ್ದ. ಕೇಳಿದರೆ, "ಮಡಿ ಕಾಚಿಗೂಡಕ್ಕ, ಹೊಟ್ಟಿ ಬಾಲಾನಗರಕ್ಕ. ನೀ ಸುಮ್ಮನ ಉಣ್ಣಲೇ ಬಂಡ್ಯಾ" ಅನ್ನುತ್ತಿದ್ದ.

ಆದರೆ ಕೆಲಸದಲ್ಲಿ ಗೆಳೆತನವಿಲ್ಲ. ನಾನು ಮಾಡಿದ ಸಾಮಾನನ್ನು ಅವನು ಅಳೆಯಬೇಕು, ಸರಿಯಿದ್ದರೆ ತನ್ನ ಮುದ್ರೆ ಒತ್ತಬೇಕು. ಎಪ್ಪತ್ತೆಂಟರಲ್ಲಿ ಯಂತ್ರಗಳಿಗೆ ಹಾಕುವ ತೆಳು ಉಕ್ಕಿನ ಬಳೆಗಳ ಒಂದು ದೊಡ್ಡ ಆರ್ಡರ್ ಬಂತು. ಯಂತ್ರದ ಮೂರು ದವಡೆಗಳ ನಡುವೆ ಬಳೆ ಹಿಡಿಸಿ ಒಳಗೆ ಕೊರೆದರೆ ದುಂಡಗೇ ಕಾಣುತ್ತಿತ್ತು. ದವಡೆ ಬಿಚ್ಚಿದ ಕೂಡಲೇ ಹಾಳಾದ್ದು ಸೊಟ್ಟಗಾಗುತ್ತಿತ್ತು. ಒಂದೇ ದಿನ ನಲವತ್ತು ಬಳೆ ತಿರಸ್ಕರಿಸಿದ, ಪುಣ್ಯಾತ್ಮ. "ಮೂರು ಮೂಲಿ ಐತಿ. ತಗೊಂಡ್ ಹೋಗು" ಎಂದ. ನಾನು ಒಂದು ಬಳೆಯನ್ನು ಅವನ ಮೇಜಿಗೆ ಕುಕ್ಕಿ, ನಿನ್ನ ಕಣ್ಣಾಗ ಮೂಲಿ ಐತಿ ಅಂದುಬಂದೆ.

ಸಂಜೆ ಬಸ್ ಬದಲಿಸಲು ಕೋಠಿಯಲ್ಲಿ ಇಳಿದೆವು. ನಾನು ಮಾತು ಬಿಟ್ಟಿದ್ದೆ. ಬಸ್ ಸ್ಟಾಪಿನ ಪಕ್ಕದಲ್ಲಿ ಒಬ್ಬ ಬಳೆಗಾರ ಹೆಣ್ಣುಮಗಳೊಬ್ಬಳಿಗೆ ಗಾಜಿನ ಬಳೆ ತೊಡಿಸುತ್ತಿದ್ದ. ಪ್ರಾಣೇಶ ಅಲ್ಲೇ ನಿಂತುಬಿಟ್ಟ. ಎರಡು ಬಸ್ ಹೋದವು. ಆ ಹೆಣ್ಣುಮಗಳು ಸಿಟ್ಟಿನಿಂದ ತಿರುಗಿ ನೋಡಿದಳು. ನಾನು ಅವನ ರಟ್ಟೆ ಹಿಡಿದು ಎಳೆದೆ.

"ಹುಚ್ಚಪ್ಪಾ, ಅಂವ ಕೈ ಹೆಂಗ ಹಿಡದಾನ ನೋಡು" ಎಂದ. "ಮೂರು ಬೆರಳಿನಿಂದ ಒತ್ತ್ಯಾನೇನು? ಸುತ್ತಲೂ ಒಂದೇ ಸಮ ಹಿಚುಕ್ಯಾನ. ನಿನ್ನ ಬಳೀನೂ ಹಂಗ ಹಿಡಿ. ಸುತ್ತ ಒಂದು ಸೀಳಿದ ರಿಂಗ್ ಹಾಕು, ದವಡಿ ಅದನ್ನ ಒತ್ತಲಿ."

ಮರುದಿನ ಹಾಗೆಯೇ ಒಂದು ರಿಂಗ್ ಮಾಡಿಕೊಂಡೆ. ಬಳೆಗಳು ಹುಣ್ಣಿಮೆಯ ಚಂದ್ರನಷ್ಟು ದುಂಡಗೆ ಬಂದವು. ಮ್ಯಾನೇಜರ್ ಓಡಿಬಂದು ಇದು ಯಾರ ತಲೆ ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಪ್ರಾಣೇಶ, "ಬಂಡೆಪ್ಪಂದ್ರೀ" ಎಂದ.

ಆಮೇಲೆ ಜಗಳಾಡಿದೆ. ಅವನ ಲೆಕ್ಕವೇ ಬೇರೆ. ತಪಾಸಣೆಯವನು ಸಾಮಾನು ಮಾಡುವುದರಲ್ಲಿ ಕೈ ಹಾಕಬಾರದು, ಹಾಕಿದರೆ ಅವನ ಮುದ್ರೆಗೆ ಬೆಲೆಯಿಲ್ಲ, ಇಡೀ ಆರ್ಡರ್ ತಡೆದು ನಿಲ್ಲಿಸುತ್ತಾರೆ. ಅದು ನಿಯಮ. ಹಾಗಾಗಿ ನನ್ನ ಫೋಟೋ ನೋಟಿಸ್ ಬೋರ್ಡಿಗೆ ಏರಿತು, ನನಗೆ ಬಡ್ತಿ ಸಿಕ್ಕಿತು. ಆ ಹಾಳು ರಿಂಗಿಗೆ ಬಂಡೆಪ್ಪ ರಿಂಗ್ ಎಂದೇ ಹೆಸರು ಬಿತ್ತು. ಯಾರಾದರೂ ಹಾಗೆ ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು, ಅವನು ಮೀಸೆಯಲ್ಲಿ ನಗುತ್ತಿದ್ದ. ಇಬ್ಬರೂ ರಿಟೈರ್ ಆದ ಮೇಲೆ ಎಲ್ಲರಿಗೂ ಹೇಳೋಣ ಎಂದು ಮಾತು ಕೊಟ್ಟಿದ್ದ. ನಾನೂ ರಿಟೈರಾದ ಮರುತಿಂಗಳೇ, ಕಾಚಿಗೂಡದ ತರಕಾರಿ ಅಂಗಡಿಯಲ್ಲಿ ಬದನೆಕಾಯಿಗಳನ್ನು ಒಂದೊಂದಾಗಿ ತಿರಸ್ಕರಿಸುತ್ತ ನಿಂತಿದ್ದವನು ಹಾಗೆಯೇ ಕುಸಿದುಬಿದ್ದ. ಅಂಗಡಿಯವನು ಇವತ್ತಿಗೂ ಹೇಳಿ ಅಳುತ್ತಾನೆ, ನಗುತ್ತಾನೆ.

ಸಭೆಯಲ್ಲಿ ನನ್ನ ಸರದಿ ಬಂತು. ತೆಲುಗು, ಹಿಂದಿ ಕಲಸಿಕೊಂಡು ಎಲ್ಲವನ್ನೂ ಹೇಳಿದೆ. ಕೋಠಿ, ಬಳೆಗಾರ, ತಪ್ಪಿದ ಎರಡು ಬಸ್ಸು, ಮ್ಯಾನೇಜರ್, ಒಂದೂ ಬಿಡಲಿಲ್ಲ. ರಿಂಗ್ ನನ್ನದಲ್ಲ, ಅವನದು, ಇವತ್ತಿನಿಂದ ಅದನ್ನು ಪ್ರಾಣೇಶ ರಿಂಗ್ ಅನ್ನಿ ಎಂದೆ.

ಆಮೇಲೆ ಚಪ್ಪಾಳೆ. ಸಂತಾಪ ಸಭೆಯಲ್ಲಿ ಚಪ್ಪಾಳೆ. ಯೂನಿಯನ್ನಿನ ಸುಬ್ಬರಾಯ ಕಣ್ಣೊರೆಸಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟ. ಗೆಳೆಯನಿಗೋಸ್ಕರ ತನ್ನ ಹೆಸರನ್ನೇ ಬಿಟ್ಟುಕೊಡುವ ಇಂಥ ದೊಡ್ಡ ಮನುಷ್ಯನನ್ನು ತಾನು ಕಂಡಿಲ್ಲ ಎಂದು ತೆಲುಗಿನಲ್ಲಿ ಸಾರಿದ. ನಾನು ನಿಜ, ನಿಜ ಎಂದು ಒದರಿದಷ್ಟೂ ಚಪ್ಪಾಳೆ ಜೋರಾಯಿತು. "ಕೂರ್ಚೋಂಡಿ, ಬಂಡೆಪ್ಪಗಾರು" ಎಂದು ಸುಬ್ಬರಾಯ ನನ್ನನ್ನು ಕೂರಿಸಿಬಿಟ್ಟ. ಅಷ್ಟು ಸುಳ್ಳುಗಳ ಸಾಲಿನಲ್ಲಿ ನನ್ನದೂ ಒಂದಾಯಿತು.

ಮಂದಿ ಚಹಾಕ್ಕೆ ಎದ್ದ ಮೇಲೆ ಪ್ರಾಣೇಶನ ಹೆಂಡತಿ ಸುಂದರಾಬಾಯಿಯ ಹತ್ತಿರ ಹೋದೆ. ಅವರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಈ ಒಬ್ಬರಾದರೂ ನಂಬಿದರೆ ಸಾಕಾಗಿತ್ತು.

"ವೈನೀ, ನಾ ಹೇಳಿದ್ದು ಖರೇ ಐತ್ರಿ" ಎಂದೆ.

ಅವರು ಮುಖವೆತ್ತಲಿಲ್ಲ. "ಮನ್ಯಾಗೂ ಅವರು ನಿಮ್ಮ ಹೆಸರೇ ಹೇಳ್ಯಾರ್ರೀ" ಎಂದರು. "ನನ್ನ ಮುಂದ ಅವರು ಒಂದು ದಿನಾನೂ ಸುಳ್ಳು ಆಡಿಲ್ಲ. ತಾವು ಕೈ ಹಾಕಿದ ಕೆಲಸಕ್ಕ ತಾವೇ ಮುದ್ರಿ ಒತ್ತೂ ಮನುಷ್ಯಾನೂ ಅಲ್ಲ. ನೀವು ಪ್ರೀತಿಲೆ ಹೇಳೀರಿ, ನನಗ ತಿಳೀತದ. ಆದ್ರ ಅದು ಅವರಿಗೆ ಚಂದ ಕಾಣೂದಿಲ್ರೀ."

ಆಮೇಲೆ ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. ನಾನು ಇನ್ನೊಂದು ಮಾತು ಹೇಳಿದರೆ ಅವರು ನಂಬುತ್ತಿದ್ದರು, ಅದು ನನಗೆ ಗೊತ್ತಿತ್ತು. ಕೋಠಿಯ ಬಸ್ ಸ್ಟಾಪು ಎಷ್ಟನೆಯ ನಂಬರಿನದು ಎಂಬುದನ್ನೂ ಹೇಳಬಲ್ಲವನಾಗಿದ್ದೆ. ಪ್ರಾಣ್ಯಾ, ಎಂಥ ಕಡೆ ಸಿಕ್ಕಿಸಿ ಹೋದೆಯೋ. ನನಗೆ ಅಳು ಬಂತು, ಅವನು ಹೋದ ಮೇಲೆ ಮೊದಲ ಸಲ.

"ಹೌದ್ರಿ ವೈನೀ" ಎಂದೆ. "ಆ ರಿಂಗ್ ನಾನೇ ಮಾಡಿದ್ದು."