ಮೂರನೆಯ ಕಂಬದ ಬೋಲ್ಟುಗಳು

ದುಂಡು ಕಂಬಕ್ಕೆ ಉಕ್ಕಿನ ತೊಲೆ ಕೂರಿಸುವುದು ಚೌಕದ ಕಂಬಕ್ಕೆ ಕೂರಿಸಿದಷ್ಟು ಸಲೀಸಲ್ಲ. ಉಕ್ಕಿನ ಎರಡು ಅರ್ಧ ಬಳೆಗಳನ್ನು ಕಂಬಕ್ಕೆ ತಬ್ಬಿಸಿ, ಕಾಂಕ್ರೀಟಿನಲ್ಲಿ ಎಂಟು ತೂತು ಕೊರೆದು, ಗೇಣುದ್ದದ ಬೋಲ್ಟುಗಳನ್ನು ಅಂಟು ತುಂಬಿ ನೆಡಬೇಕು. ತೊಲೆಯ ಭಾರವೆಲ್ಲ ಆ ಬಳೆಯ ಮೇಲೆ. ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ. ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಹೇಳಲು ನನಗೆ ಬಾಯಿಲ್ಲ.

ಹಳೆಯ ಗೋದಾಮಿನೊಳಗೆ ಅಟ್ಟ ಕಟ್ಟುತ್ತಿದ್ದೆವು. ಮೂರನೆಯ ಕಂಬದಲ್ಲಿ ಡ್ರಿಲ್ಲು ನಾಲ್ಕು ಬೆರಳು ಒಳಗೆ ಹೋಗಿ ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿಗೆ ತಾಗಿ ಕಿರುಚಿತು. ಪಕ್ಕದ ತೂತಿನದೂ ಅದೇ ಕಥೆ. ಬೇರೆ ಕಡೆ ತೂತಿರುವ ಹೊಸ ಬಳೆ ಮಾಡಿಸಬೇಕಿತ್ತು. ಎರಡು ದಿನದ ಕೆಲಸ. ನನಗೆ ಮೈಗಳ್ಳತನ. ಆರು ಬೋಲ್ಟು ಸಾಕು ಎಂದುಕೊಂಡು, ಉಳಿದೆರಡನ್ನು ಅರ್ಧಕ್ಕೆ ಕತ್ತರಿಸಿ ಅಂಟಿಸಿಬಿಟ್ಟೆ. ಹೊರಗಿನಿಂದ ನೋಡಿದರೆ ಎಂಟೂ ಒಂದೇ ತಾಯಿಯ ಮಕ್ಕಳು.

ಮೇಲ್ವಿಚಾರಕರು ನನ್ನ ಅಕ್ಕನ ಗಂಡ. ಪ್ರತಿ ಬೋಲ್ಟನ್ನೂ ಯಂತ್ರದಿಂದ ಜಗ್ಗಿ ನೋಡದೆ ಸಹಿ ಹಾಕುವವರಲ್ಲ. ಮೂರನೆಯ ಕಂಬದ ಹತ್ತಿರ ಬಂದವರು ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ನಾನೇ ಎಂದೆ.

"ನೀನಾ? ಹಾಗಾದ್ರೆ ನೋಡೋದೇನಿದೆ" ಎಂದು ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಸಹಿ ಮಾಡಿದರು. ಆಗಲಾದರೂ ಹೇಳಬಹುದಿತ್ತು.

ಅಟ್ಟಕ್ಕೆ ಬಂದದ್ದು ಬಟ್ಟೆ ಹೊಲಿಯುವ ಕಾರ್ಖಾನೆ. ಅಕ್ಕನಿಗೂ ಅಲ್ಲೇ ಕೆಲಸ ಸಿಕ್ಕಿತು. ಮೊದಲ ವಾರ ಮುಗಿಸಿ ಮನೆಗೆ ಬಂದವಳು, ಸೋಮವಾರ ಬಟ್ಟೆಯ ದೊಡ್ಡ ಗಂಟುಗಳು ಬರುತ್ತವೆ, ಅಟ್ಟದ ತುಂಬ ಪೇರಿಸುತ್ತಾರಂತೆ ಎಂದಳು.

"ಎಲ್ಲರೂ ಕಿಟಕಿ ಪಕ್ಕ ಬೇಕು ಅಂತ ಕಿತ್ತಾಡ್ತಿದ್ರು ಕಣೋ. ನಾನು ಮೂರನೇ ಕಂಬದ ಹತ್ತಿರ ಮಿಷನ್ ಹಾಕಿಸ್ಕೊಂಡೆ. ನನ್ನ ತಮ್ಮ ಮಾಡಿದ್ದು, ಅಲ್ಲಾಡಲ್ಲ ಅಂದೆ."

ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದೆ. ನಾನು ಪಾಪಿ ಎನಿಸಿತು.

ಸೋಮವಾರ ಬೆಳಿಗ್ಗೆ ಗಂಟುಗಳ ಲಾರಿ ಬರುವ ಮೊದಲೇ ಭಾವನ ಮುಂದೆ ಹೋಗಿ ನಿಂತೆ. ಎಸೆಯಲಾಗದೆ ಉಳಿಸಿಕೊಂಡಿದ್ದ ಬೋಲ್ಟಿನ ಎರಡು ತುಂಡುಗಳನ್ನು ಅವರ ಕೈಗಿಟ್ಟು ಎಲ್ಲ ಹೇಳಿದೆ. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಮಾಲೀಕರಿಗೆ ಫೋನ್ ಮಾಡಿ, ನೋಡದೆ ಸಹಿ ಹಾಕಿದ್ದು ನಾನು, ತಪ್ಪು ನನ್ನದು, ಎಲ್ಲರನ್ನೂ ಕೆಳಗಿಳಿಸಿ ಎಂದರು. ಇಷ್ಟು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಮನುಷ್ಯ ನನ್ನಿಂದಾಗಿ ತಲೆ ತಗ್ಗಿಸಿದರು.

ನಾವು ಗೋದಾಮು ತಲುಪುವಷ್ಟರಲ್ಲಿ ಹೆಂಗಸರು ಗೊಣಗುತ್ತ ಇಳಿದು ಬರುತ್ತಿದ್ದರು. ಕತ್ತರಿ ಹಿಡಿದುಕೊಂಡೇ ಬಂದ ಅಕ್ಕ, ಯಾವ ಕಂಬವಂತೆ, ಯಾರು ಮಾಡಿದ್ದಂತೆ ಎಂದು ಗಂಡನನ್ನು ಕೇಳಿದಳು.

ಭಾವ ನನ್ನ ಕಡೆ ತಿರುಗಿದರು. "ಹೇಳು. ನಿನ್ನಕ್ಕ ಕೇಳ್ತಿದ್ದಾಳೆ."

"ನಿನ್ನ ಮಿಷನ್ ಪಕ್ಕದ್ದೇ ಅಕ್ಕ" ಎಂದೆ.

ಅವಳು ನನ್ನ ಕೈಗಳನ್ನೇ ನೋಡುತ್ತ ನಿಂತಳು.